ಐದಕ್ಕೆ ಐದೂ ಸರಿ

ಬುಧವಾರ, ಊಟದ ಬಿಡುವು
ಚಹಾ ರುಚಿ ನೋಡುವ ಕೋಣೆಯಿಂದ

ನನ್ನ ಮುದ್ದು ಹಿಟ್ಟಮ್ಮ,

ನಿಮ್ಮ ಬೇಕರಿಗೂ ನನ್ನ ಮೇಜಿಗೂ ನಡುವೆ ಇರುವುದು ಒಂದೇ ಬೀದಿ. ಕಿಟಕಿಯಿಂದ ಕೂಗಿದರೆ ನಿನಗೆ ಕೇಳುತ್ತದೆ. ಆದರೂ ಬರೆಯುತ್ತಿದ್ದೇನೆ. ಎದುರು ನಿಂತರೆ ನೀನು ನಗಿಸುತ್ತೀಯ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ ಇದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊ.

ಭಾನುವಾರದ ಪಂದ್ಯ ನಾನು ಗೆದ್ದಿಲ್ಲ.

ಆ ಮಧ್ಯಾಹ್ನ ನೆನಪಿದೆಯಲ್ಲ? ರುಚಿ ನೋಡುವ ಯಜಮಾನರು ಬೀಗದ ಕೈ ನನಗೆ ಕೊಟ್ಟು ಹೋಗಿದ್ದರು. ಕಿಟಕಿಯ ಬೆಳಕು ಮೇಜಿನ ಮೇಲೆ ಕೆನೆಯ ಹಾಗೆ ಕಟ್ಟಿತ್ತು. ಕೆಟಲ್ಲಿನ ಆವಿ ಮೇಲೆ ಹೋಗಲು ಮನಸ್ಸಿಲ್ಲದೆ ನಮ್ಮಿಬ್ಬರ ತಲೆಯ ಸುತ್ತಲೇ ಸುಳಿಯುತ್ತಿತ್ತು. ಮೊದಲ ಸರದಿ ನಿನ್ನದು. ಐದು ತುಂಡು ಬ್ರೆಡ್ಡಿನಲ್ಲಿ ಯಾವುದು ನೀನು ನಾದಿದ್ದು, ಯಾವುದು ನಿಮ್ಮ ಚಿಕ್ಕಮ್ಮ ನಾದಿದ್ದು ಎಂದು ಕಣ್ಣು ಕಟ್ಟಿಸಿಕೊಂಡು ಹೇಳಬೇಕಿತ್ತು. ನೀನು ನಾಲ್ಕು ಸರಿ ಹೇಳಿದೆ. ಐದನೆಯದನ್ನು ಚಿಕ್ಕಮ್ಮನದು ಎಂದು ಹೊಗಳಿ ಹೊಗಳಿ ತಿಂದೆ. ಅದು ನಿನ್ನದೇ ಎಂದು ನಾನು ಹೇಳಿದಾಗ, "ಹಾಗಾದ್ರೆ ಚಿಕ್ಕಮ್ಮನ್ನೂ ಮೀರಿಸಿದೀನಿ ಕಣೇ, ಇದೂ ಗೆದ್ದ ಲೆಕ್ಕಾನೇ" ಎಂದು ವಾದಕ್ಕೆ ನಿಂತೆ.

ಆಮೇಲೆ ನನ್ನ ಸರದಿ, ಈಗ ನನ್ನ ಕಣ್ಣಿಗೆ ಬಟ್ಟೆ. ಬೇರೆ ಬೇರೆ ಐದು ತಿಂಗಳಲ್ಲಿ ಕಿತ್ತ ಚಹಾ ಎಲೆ, ಐದು ಲೋಟ. ಯಾವುದು ಯಾವ ತಿಂಗಳದ್ದು? "ಭಾರಿ ನಾಲಿಗೆಯೋಳು ನೀನು, ಹೇಳು ನೋಡೋಣ" ಎಂದು ನೀನು ಕೆಣಕಿದೆ. ನಾನು ಯಜಮಾನರ ಹಾಗೆ ಸೊರ್ರೆಂದು ಹೀರಿದೆ, ಬಾಯಲ್ಲಿ ಹೊರಳಿಸಿದೆ, ಉಗುಳಿದೆ, ತಲೆದೂಗಿದೆ. ಎಲ್ಲ ನಾಟಕ. ಹೋದ ತಿಂಗಳ ಜ್ವರ ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿದೆ, ಹಿಟ್ಟಮ್ಮ. ಬಾಯಿಗೆ ಬಿಸಿ ಗೊತ್ತಾಗುತ್ತದೆ, ತಣ್ಣಗಿದ್ದರೆ ಗೊತ್ತಾಗುತ್ತದೆ. ಅಷ್ಟೇ. ಬೆಳಿಗ್ಗೆ ನಿಮ್ಮ ಒಲೆಯ ಬಾಗಿಲು ತೆರೆದಾಗ ಬೀದಿಯವರೆಲ್ಲ ತಲೆಯೆತ್ತುತ್ತಾರೆ. ನಾನು ಮಾತ್ರ ಯಾರದೋ ಕನಸಿನೊಳಗೆ ದಾರಿ ತಪ್ಪಿ ಬಂದವಳ ಹಾಗೆ ನಡೆಯುತ್ತಿರುತ್ತೇನೆ. ಎಲ್ಲ ಕಾಣುತ್ತದೆ, ಯಾವುದೂ ನನ್ನ ತನಕ ಬರುವುದಿಲ್ಲ. ಮೂರು ವಾರದಿಂದ ಯಜಮಾನರ ಹುಬ್ಬು ನೋಡಿಕೊಂಡು ರುಚಿ ಬರೆಯುವ ಪುಸ್ತಕ ತುಂಬಿಸುತ್ತಿದ್ದೇನೆ. ಹುಬ್ಬು ಏರಿದರೆ ‘ಚೆನ್ನಾಗಿದೆ’, ಇಳಿದರೆ ‘ಸಪ್ಪೆ’.

ಹಾಗಾದರೆ ಐದೂ ಹೇಗೆ ಹೇಳಿದೆ ಅಂತೀಯಾ? ನಿನ್ನ ಕೈ ನನಗೆ ಗೊತ್ತು. ಬೇಕರಿಯವರು ನೀವು ಹಳೆಯದನ್ನು ಮುಂದೆ ಇಟ್ಟು ಹೊಸದನ್ನು ಹಿಂದೆ ತಳ್ಳುತ್ತೀರಿ, ಮೊದಲು ಹಳೆಯದು ಖರ್ಚಾಗಲಿ ಎಂದು. ಮನೆಯಲ್ಲಿ ಬಟ್ಟೆ ಮಡಚಿಟ್ಟರೂ ನೀನು ಹಾಗೇ. ಅದಕ್ಕೇ ನನ್ನ ಹತ್ತಿರದ ಲೋಟದಿಂದ ಹಳೆಯ ತಿಂಗಳು ಶುರುಮಾಡಿ ಸಾಲಾಗಿ ಒಪ್ಪಿಸಿದೆ. "ಐದಕ್ಕೆ ಐದೂ ಸರಿ!" ಎಂದು ನೀನು ಚಪ್ಪಾಳೆ ತಟ್ಟಿದೆ.

ಸೋತವರು ಗೆದ್ದವರ ಒಂದು ಮಾತು ಕೇಳಬೇಕು ಎಂದಿತ್ತಲ್ಲ. ಒಂದು ವರ್ಷ ಎಲ್ಲೂ ಹೋಗಬೇಡ ಎಂದು ನಾನು ಕೇಳಿದೆ. ಕಡಲಾಚೆಯ ಆ ದೊಡ್ಡ ಬೇಕರಿ ನಿನ್ನನ್ನು ಕೆಲಸ ಕಲಿಯಲು ಕರೆದಿದೆ, ಶನಿವಾರ ಹಡಗು ಎಂದು ಗೊತ್ತಿದ್ದೇ ಕೇಳಿದೆ. ತಮಾಷೆಯಲ್ಲ, ಬೇಕೆಂದೇ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಊರೆಲ್ಲ ಆಡಿಕೊಳ್ಳುವುದು ನನ್ನನ್ನು. ನೀನು ಹೊರಡುತ್ತೀ ಎಂದ ದಿನ ಮೊದಲ ಸಲ ಕೂತಲ್ಲೇ ಕೂತುಬಿಟ್ಟೆ. ನೀನು ಒಂದು ಕ್ಷಣ ಕೂಡ ಯೋಚಿಸದೆ "ಆಯ್ತು ಬಿಡು" ಎಂದೆ. ಆ ಮಾತು ಮೂರು ದಿನದಿಂದ ಹಲ್ಲಿನ ಸಂದಿಯ ನಾರಿನ ಹಾಗೆ ಕೂತಿದೆ.

ಶಾಲೆ ಬಿಟ್ಟಾಗಲೂ ನಾನು ಹೊಟ್ಟೆನೋವಿನ ನೆಪ ಹೇಳಲಿಲ್ಲ. "ನನಗೆ ಕೂರೋಕಾಗಲ್ಲ ಸಾರ್" ಎಂದು ಮಾಸ್ತರಿಗೆ ನೇರ ಹೇಳಿ ಬಂದೆ. ಇವತ್ತು ಬೆಳಿಗ್ಗೆ ಯಜಮಾನರಿಗೂ ಮೂಗಿನ ವಿಷಯ ಹೇಳಿದೆ. ಅವರು ಹೀರಿದ್ದನ್ನು ಉಗುಳುವುದು ಮರೆತು ನುಂಗಿಬಿಟ್ಟರು. "ಮೂಗು ಬರೋ ತನಕ ಎಲೆ ತೂಗಮ್ಮ. ನನ್ನ ಹುಬ್ಬು ಓದೋಕೆ ನನ್ನ ಹೆಂಡತಿಗೇ ಬರಲ್ಲ, ನೀನು ಕಲಿತಿದೀಯಲ್ಲ" ಎಂದರು. ನಿನಗೆ ಹೇಳುವುದೊಂದು ಬಾಕಿಯಿತ್ತು. ಪಂದ್ಯ ಸುಳ್ಳು, ನನ್ನ ಗೆಲುವು ಸುಳ್ಳು, ನೀನು ಕೊಟ್ಟ ಮಾತಿಗೂ ಬೆಲೆಯಿಲ್ಲ. ಹೋಗಿ ಬಾ.

ನಿನ್ನ,
ಚಕ್ರ

ಮತ್ತೊಂದು ಮಾತು: ಮೇಲಿನದನ್ನು ಬರೆದು ಮಡಚಿ, ಕೋಣೆ ಗುಡಿಸಲು ಎದ್ದೆ. ತಕ್ಕಡಿಯ ಅಡಿಯಲ್ಲಿ ಐದು ಚೀಟಿ ಸಿಕ್ಕವು, ನಿನ್ನ ಅಕ್ಷರ. ಲೋಟದ ನಂಬರು, ಅದರ ತಿಂಗಳು. ನನ್ನ ಕಣ್ಣು ಕಟ್ಟಿದ್ದಾಗ ಬರೆದಿದ್ದೀಯ. ನೀನು ನಿಂತಿದ್ದು ಮೇಜಿನ ಆ ಕಡೆ, ಹಳೆಯದನ್ನು ನಿನ್ನ ಕೈಗೆ ಹತ್ತಿರ ಇಟ್ಟಿದ್ದೆ. ನಾನು ಹೇಳಿದ್ದು ಪೂರ್ತಿ ತಲೆಕೆಳಗು. ಐದರಲ್ಲಿ ಸರಿ ಒಂದೇ, ನಡುವಿನ ಲೋಟ. ನಾಲ್ಕು ಸರಿ ಹೇಳಿದ ನೀನು ಗೆದ್ದಿದ್ದೆಯಲ್ಲೇ, ಕಳ್ಳಿ! ಬೇಕೆಂದೇ ಸೋತೆ, ಉಳಿಯಲು ನಿನಗೂ ಒಂದು ನೆಪ ಬೇಕಿತ್ತೇನೋ. ಚೀಟಿಗಳನ್ನು ಇದರೊಳಗೇ ಇಟ್ಟಿದ್ದೇನೆ. ಹೋಗಲು ಹೆದರಿಕೆಯಾದರೆ ಹೇಳು, ಶನಿವಾರ ನಿನ್ನ ಪೆಟ್ಟಿಗೆ ಹೊತ್ತುಕೊಂಡು ಹಡಗಿನ ಮೆಟ್ಟಿಲ ತನಕ ಬರುತ್ತೇನೆ. ಇಲ್ಲೇ ಇರುವ ಆಸೆಯಾದರೆ ಇರು, ನನಗಿಂತ ಖುಷಿಪಡುವವರು ಯಾರೂ ಇಲ್ಲ. ಆದರೆ ಯಾರಾದರೂ ಕೇಳಿದರೆ, ಪಂದ್ಯ ಸೋತು ಉಳಿದೆ ಎಂದು ಮಾತ್ರ ಹೇಳಬೇಡ.