ಬೀಗದ ಕೈಗೆ ಕಟ್ಟಿದ ಟಾರ್ಚು

ಪೂಂಗಾಡು ಎಸ್ಟೇಟ್, ಮೂರನೇ ಲೈನು
ವಾಲ್ಪಾರೈ
28 ನವೆಂಬರ್, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಪಾಂಡಿಗೆ ಅಕ್ಕ ಮರಗದಂ ಮನಸಾರೆ ಮಾಡುವ ಆಶೀರ್ವಾದಗಳು.

ನಿನ್ನ ಸೊಂಟನೋವು ಈಗ ಹೇಗಿದೆ? ದಿನವಿಡೀ ಸ್ಟೂಲಿನ ಮೇಲೆ ಬಗ್ಗಿಕೊಂಡು ಊರವರ ಮೊಬೈಲು ಬಿಚ್ಚುತ್ತ ಕೂತರೆ ಸೊಂಟ ಇನ್ನೇನಾಗುತ್ತದೆ? ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡು, ಅಂಗಡಿಯವರು ಗೊಣಗಿದರೆ ಗೊಣಗಲಿ. ವಳರ್ಮತಿಗೆ ಏಳು ತಿಂಗಳು ತುಂಬುತ್ತ ಬಂತು, ಅವಳ ಕೈಲಿ ನೀರಿನ ಕೊಡ ಎತ್ತಿಸಬೇಡ. ನುಗ್ಗೆಸೊಪ್ಪು ಬೇಡ ಎಂದು ಮುಖ ತಿರುಗಿಸುತ್ತಾಳಂತೆ. ಅಡೆದೋಸೆಯ ಹಿಟ್ಟಿಗೆ ಹಾಕಿ ಸುಟ್ಟು ಕೊಡು, ಗೊತ್ತೇ ಆಗುವುದಿಲ್ಲ. ಇಲ್ಲಿ ನಿನ್ನ ಭಾವನಿಗೆ ಈ ತಿಂಗಳೂ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಮೈಯೆಲ್ಲ ಚಹಾಪುಡಿಯ ವಾಸನೆ ಹೊತ್ತುಕೊಂಡು ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ, ನಾನು ಅಷ್ಟರಲ್ಲಿ ಹೋಗಿರುತ್ತೇನೆ. ನನ್ನ ಮೈಗೇನೂ ಇಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯೆ. ಸಿಗ್ನಲ್ ಸಿಗುವುದು ನೀರಿನ ತೊಟ್ಟಿಯ ಕಟ್ಟೆ ಹತ್ತಿ ನಿಂತರೆ ಮಾತ್ರ, ಅಲ್ಲಿ ಆಡಿದ ಮಾತು ಮೂರು ಲೈನಿನ ಮನೆಗಳಿಗೂ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಸ್ಟೇಟಿನ ಮಕ್ಕಳ ಮನೆಯಲ್ಲೇ ಕೂತಿದ್ದೇನೆ, ಮಕ್ಕಳು ಊಟ ಮಾಡಿ ಮಲಗಿದ್ದಾರೆ, ಇನ್ನರ್ಧ ಗಂಟೆ ಯಾರೂ ಏಳುವುದಿಲ್ಲ.

ತಮ್ಮಾ, ನನಗೆ ಹೆದರಿಕೆಯಾಗಿದೆ. ಮೊನ್ನೆ ಮಂಗಳವಾರದಿಂದ ಎದೆಯೊಳಗೆ ಏನೋ ಕೂತಿದೆ, ಏಳುತ್ತಿಲ್ಲ. ನನ್ನೊಬ್ಬಳ ಜೀವದ ಮಾತಾಗಿದ್ದರೆ ಇಷ್ಟು ಒದ್ದಾಡುತ್ತಿರಲಿಲ್ಲ, ಐವತ್ಮೂರು ವರ್ಷ ಬಾಳಿದವಳು ನಾನು. ಆದರೆ ಚಿಗುರು ಕೀಳುವ ಹೆಂಗಸರು ಹನ್ನೊಂದು ಕೂಸುಗಳನ್ನು ಮಕ್ಕಳ ಮನೆಯಲ್ಲಿ ನನ್ನ ಕೈಗೆ ಹಾಕಿ ಬೆಟ್ಟ ಹತ್ತುತ್ತಾರೆ. ಅವರಿಗಿಂತ ಮುಂಚೆ ಹೋಗಿ ಬೀಗ ತೆಗೆದು ಹಾಲು ಕಾಯಿಸಿಡಬೇಕಾದವಳು ನಾನು, ಮಂಜಿನಲ್ಲಿ ಮುಂದೆ ನಡೆಯುವವಳೂ ನಾನೇ. ನನ್ನ ಬೆಳಕನ್ನು ನಂಬಿ ಹಿಂದೆ ಬರುತ್ತಾರೆ. ಅದಕ್ಕೇ ಈ ಟಾರ್ಚಿನ ವಿಷಯ ಬೇಗ ತೀರ್ಮಾನವಾಗಬೇಕು.

ನೀನು ಕಂಡಕ್ಟರ್ ಯೇಸುರಾಜನ ಕೈಲಿ ಕಳಿಸಿದ ಮೂರು ಪುಟ್ಟ ಟಾರ್ಚುಗಳೂ ತಲುಪಿದವು. ಕಾಗದದಲ್ಲಿ ಸುತ್ತಿ ಒಂದು, ಎರಡು, ಮೂರು ಎಂದು ಬರೆದಿದ್ದೆಯಲ್ಲ, ಅದು ಒಳ್ಳೆಯದಾಯಿತು. ಬೀಗದ ಕೈಗೊಂಚಲಿಗೇ ಕಟ್ಟುವಂಥದ್ದು ಬೇಕೆಂದು ನಾನು ಹಟ ಹಿಡಿದದ್ದು ಸುಮ್ಮನೆ ಅಲ್ಲ. ಮನೆಯಲ್ಲಿ ಮೊಣಕೈಯುದ್ದದ ಟಾರ್ಚು ಇದೆ, ಇದ್ದು ಏನು? ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ಕೊಡೆ, ಟಾರ್ಚು ಗೂಟದಲ್ಲೇ ಉಳಿಯುತ್ತದೆ. ಬೀಗದ ಕೈ ಮಾತ್ರ ಸತ್ತರೂ ಮರೆಯುವುದಿಲ್ಲ. ಸೆಲ್ಲು ಹಾಕುವಂಥದ್ದು ಬೇಡವೆಂದೆ, ಏಕೆಂದರೆ ಈ ಥಂಡಿಗೆ ಸೆಲ್ಲು ಉಬ್ಬಿ ಹಸಿರು ಕಕ್ಕುತ್ತದೆ, ಹೊಸದು ತರಲು ಎಂಟು ಕಿಲೋಮೀಟರ್ ಇಳಿಯಬೇಕು. ಫೋನಿನ ವೈರಿನಲ್ಲೇ ಚಾರ್ಜಾಗಬೇಕು, ಮಕ್ಕಳ ಮನೆಯಲ್ಲಿ ಮಧ್ಯಾಹ್ನ ಕರೆಂಟಿದ್ದಾಗ ಹಾಕಿಡಬಹುದು. ನಿನ್ನ ಭಾವ ಮೂರನ್ನೂ ಅಂಗೈಯಲ್ಲಿ ಉರುಳಿಸಿ ನೋಡಿ, "ಬೀಗದ ಕೈಗೆ ಟಾರ್ಚು ಕಟ್ತೀಯೋ, ಟಾರ್ಚಿಗೆ ಬೀಗದ ಕೈ ಕಟ್ತೀಯೋ? ಯಾವುದಕ್ಕೂ ಇರಲಿ, ಕಳೆದ್ರೆ ಹುಡುಕೋಕೆ ಇನ್ನೊಂದು ಟಾರ್ಚು ಬೇಕಾಗುತ್ತೆ" ಎಂದರು. ಅವರಿಗೆ ಎಲ್ಲ ತಮಾಷೆ.

ಒಂದನೆಯದು ರಬ್ಬರಿನ ಹಾಗೆ ಚಪ್ಪಟೆಯಾಗಿತ್ತಲ್ಲ, ಪಕ್ಕದಲ್ಲಿ ಕೆಂಪು ದೀಪ. ತೂಕವೇ ಇಲ್ಲ, ನನಗೆ ಬಹಳ ಹಿಡಿಸಿತ್ತು. ಅದರಿಂದಾದ ರಂಪ ಕೇಳು. ಹೋದ ಬುಧವಾರ ಬೆಳಿಗ್ಗೆ ಗುಂಡಿ ಎರಡು ಸಲ ಒತ್ತುವ ಕಡೆ ಮೂರು ಸಲ ಒತ್ತಿದೆನೋ ಏನೋ, ಕೆಂಪು ಮಿಣುಕತೊಡಗಿತು, ನನಗೆ ಅದನ್ನು ಆರಿಸುವುದು ತಿಳಿಯಲಿಲ್ಲ. ಕೆಳಗಿನ ಲೈನಿನಿಂದ ಹತ್ತಿ ಬರುತ್ತಿದ್ದ ಹೆಂಗಸರು ಬೆಟ್ಟದ ಮೇಲೆ ಕೆಂಪು ಮಿಣುಕುವುದನ್ನು ಕಂಡದ್ದೇ ತಡ, ಬುಟ್ಟಿ ಬಿಸಾಡಿ ಮನೆಯೊಳಗೆ ಓಡಿ ಚಿಲಕ ಹಾಕಿಕೊಂಡರು. ಅರಣ್ಯ ಇಲಾಖೆಯವರು ಎಚ್ಚರಿಕೆಗೆ ಹಚ್ಚುವ ಕಂಬದ ದೀಪ ಅಂದುಕೊಂಡಿದ್ದಾರೆ, ದೊಡ್ಡವರು ಹತ್ತಿರದಲ್ಲಿದ್ದಾರೆ ಅಂದುಕೊಂಡಿದ್ದಾರೆ. ನೀನು ಬೆಟ್ಟ ಬಿಟ್ಟು ಏಳು ವರ್ಷವಾದರೂ ಮರೆತಿರಲಾರೆ, ಇಲ್ಲಿ ಯಾರೂ ಆನೆ ಎನ್ನುವುದಿಲ್ಲ, ಹೆಸರು ಹಿಡಿದರೆ ಬಂದುಬಿಡುತ್ತಾರೆ. ನೋಡು, ನಾನೇ ಬರೆದುಬಿಟ್ಟೆ. ಆ ದಿನ ಕೊಯ್ಲು ಒಂಬತ್ತಕ್ಕೆ ಶುರುವಾಯಿತು. ಫೀಲ್ಡ್ ಆಫೀಸರು, "ಮರಗದಂ, ಕೈಗೊಂಚಲಲ್ಲಿ ಕೆಂಪು ದೀಪ ಕಟ್ಕೊಂಡು ತಿರುಗೋಕೆ ನೀನೇನು ಆಂಬುಲೆನ್ಸಾ?" ಎಂದು ಎಲ್ಲರೆದುರು ಕೇಳಿದರು. ಹಾಗಾಗಿ ಒಂದನೆಯದನ್ನು ಈ ಕಾಗದದ ಜೊತೆಗೇ ವಾಪಸ್ ಕಳಿಸಿದ್ದೇನೆ. ಬೆಟ್ಟಕ್ಕೆ ಕೊಡುವಂಥದ್ದರಲ್ಲಿ ಕೆಂಪು ಇರಕೂಡದೆಂದು ನಿನ್ನ ಅಂಗಡಿಯವರಿಗೂ ಹೇಳು.

ಎರಡನೆಯದು ಹೆಬ್ಬೆರಳುದ್ದದ ಲೋಹದ್ದು, ಬೆಳಕು ಜಾಸ್ತಿ ಎಂದು ನೀನೇ ಬರೆದಿದ್ದೆ. ಹೊತ್ತಿಸಬೇಕಾದರೆ ತಲೆ ತಿರುಗಿಸಬೇಕು, ಅದಕ್ಕೆ ಎರಡು ಕೈ ಬೇಕು. ಹಾಲಿನ ಕ್ಯಾನನ್ನು ನಿನ್ನ ಅಂಗಡಿಯವರು ಬಂದು ಹಿಡಿಯುತ್ತಾರೇನೋ? ಮೇಲಾಗಿ ಐದು ನಿಮಿಷ ಉರಿದರೆ ಕೆಂಡದಂತೆ ಬಿಸಿಯಾಗಿ, ತಾನಾಗಿ ಬೆಳಕು ಇಳಿಸಿಕೊಳ್ಳುತ್ತದೆ. ಚಿಕ್ಕದಕ್ಕೆ ಚಿಕ್ಕ ಹೊಟ್ಟೆ ಅಕ್ಕಾ, ಬೆಳಕು ಜೋರಾದ್ರೆ ಬೇಗ ಹಸಿಯುತ್ತೆ ಎಂದು ನೀನು ದೀಪಾವಳಿಗೆ ಬಂದಾಗ ಹೇಳಿದ್ದು ನಿಜ. ಅದನ್ನು ನಿನ್ನ ಭಾವ ಇಟ್ಟುಕೊಂಡಿದ್ದಾರೆ, ಬೀಡಿ ಬಿದ್ದದ್ದು ಹುಡುಕಲು.

ಮೂರನೆಯದನ್ನು ಗೊಂಚಲಿಗೆ ಕಟ್ಟಿದೆ. ಪಕ್ಕದಲ್ಲಿ ಗುಂಡಿ, ಒಂದೇ ಕೈಗೆ ಸಿಗುತ್ತದೆ. ಒತ್ತಿ ಹಿಡಿದರೆ ಸಣ್ಣ ಬೆಳಕು, ತಟ್ಟಿದರೆ ದೊಡ್ಡದು. ಮಳೆಯಲ್ಲಿ ನೆನೆದರೂ ಏನಾಗಲಿಲ್ಲ. ಮೊದಲ ದಿನ ಎಲೆಅಡಿಕೆ ಚೀಲದೊಳಗೆ ತಾನೇ ಹೊತ್ತಿಕೊಂಡು ಸಂಜೆಗೆ ಚಾರ್ಜು ಖಾಲಿಯಾಗಿತ್ತು. ನಾಲ್ಕು ಸಲ ತಟ್ಟಿದರೆ ಗುಂಡಿಗೆ ಬೀಗ ಬೀಳುತ್ತದೆಂದು ಯೇಸುರಾಜ ತೋರಿಸಿಕೊಟ್ಟ ಮೇಲೆ ಅದೂ ಸರಿಹೋಯಿತು. ಇದೇ ಇರಲಿ ಎಂದು ಸೋಮವಾರ ತೀರ್ಮಾನ ಮಾಡಿದೆ.

ಅದೇ ಸೋಮವಾರ ಸಂಜೆ ಫೀಲ್ಡ್ ಆಫೀಸರು ಬಂದು, "ಈ ವಾರ ದೊಡ್ಡವರು ಮಕ್ಕಳ ಮನೆ ನೋಡೋಕೆ ಬರ್ತಾರಂತೆ. ನೆಲ ಒರೆಸಿ, ಪಾತ್ರೆ ಬೆಳಗಿಡು" ಎಂದು ಹೇಳಿ ಹೋದರು. ಆಫೀಸಿನ ಮ್ಯಾನೇಜರಿಗೂ ನಾವು ದೊಡ್ಡವರು ಎಂದೇ ಹೇಳುವುದಲ್ಲವೇ. ಮಂಗಳವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ ಹೊರಟೆ. ಮಂಜು ಹಿಟ್ಟಿನ ಹಾಗೆ ಸುರಿಯುತ್ತಿತ್ತು. ನನ್ನ ಹಿಂದೆ ಪೊನ್ನುತ್ತಾಯಿ, ಎಂಟು ತಿಂಗಳ ಯಾಳಿನಿಯನ್ನು ಕಂಬಳಿಯೊಳಗೆ ಎದೆಗವಚಿಕೊಂಡು ಬರುತ್ತಿದ್ದಳು. ನಲ್ಲಿಕಟ್ಟೆ ದಾಟಿದ್ದೆವು. ಮೇಲಿನ ರಸ್ತೆಯಿಂದ ವಾಚ್‌ಮನ್ ಇರುಳಪ್ಪನ್ ಗಂಟಲು ಅದುಮಿಕೊಂಡು, "ಮರಗದಕ್ಕಾ, ದೊಡ್ಡವರು ಬಂದವ್ರೆ. ಮಕ್ಕಳ ಮನೆ ಹತ್ರಾನೇ ನಿಂತವ್ರೆ" ಎಂದ.

ನನ್ನ ತಲೆಯಲ್ಲಿ ಒರೆಸದ ನೆಲ, ಬೆಳಗದ ಪಾತ್ರೆ. ಇಷ್ಟು ಬೆಳಿಗ್ಗೆಯೇ ಮ್ಯಾನೇಜರು ಬಂದು ಮುಚ್ಚಿದ ಬಾಗಿಲೆದುರು ಕಾಯುತ್ತಿದ್ದಾರಲ್ಲ ಎಂದು ಜೀವ ಬಾಯಿಗೆ ಬಂತು. ನಿಲ್ಲಬೇಕಾದವಳು ಓಡಿದೆ, ತಮ್ಮಾ. ಸೆರಗನ್ನು ಹಿಂದಿನಿಂದ ಏನೋ ಜಗ್ಗಿತು, ಚಹಾಗಿಡದ ಕಡ್ಡಿ ಸಿಕ್ಕಿತೆಂದು ಕಿತ್ತುಕೊಂಡೆ. ಅಂಗಳಕ್ಕೆ ಕಾಲಿಟ್ಟು, ಕ್ಯಾನು ಕೆಳಗಿಟ್ಟು, "ನಮಸ್ಕಾರ ಅಯ್ಯಾ, ಒಂದ್ ನಿಮಿಷ, ಈಗ ಬಾಗ್ಲು ತೆಗೀತೀನಿ" ಎಂದೆ. ಮೊದಲು ಬಂದದ್ದು ವಾಸನೆ, ಹುಳಿತ ಸೊಪ್ಪಿನಂಥ ಲದ್ದಿಯ ವಾಸನೆ. ಆಮೇಲೆ ಪಟ್, ಪಟ್ ಎಂದು ಒದ್ದೆ ಗೋಣಿ ಕೊಡವಿದ ಹಾಗೆ ಕಿವಿ ಬೀಸುವ ಸದ್ದು. ಅದು ಥಟ್ಟನೆ ನಿಂತಿತು. ಅವರು ಕಿವಿ ನಿಲ್ಲಿಸಿದರೆಂದರೆ ನಮ್ಮನ್ನು ಕೇಳುತ್ತಿದ್ದಾರೆಂದು ಅರ್ಥ, ಅಪ್ಪ ಹೇಳುತ್ತಿದ್ದದ್ದು ನಿನಗೂ ಗೊತ್ತು.

ಕೈ ಹಿಂದೆ ಚಾಚಿದೆ, ಪೊನ್ನುತ್ತಾಯಿಯ ಕಂಬಳಿ ಸಿಕ್ಕಿತು, ಅದರೊಳಗೆ ಮಗುವಿನ ಪಾದ ಸಿಕ್ಕಿತು. ಆ ಪಾದ ಬೆಚ್ಚಗಿತ್ತು. ಮಗು ಒಂದು ಸಲ ಕುಂಯ್ ಎಂದರೂ ನಮ್ಮ ಮೂವರ ಕಥೆ ಮುಗಿಯುತ್ತಿತ್ತು. ನಮ್ಮ ಊರಮ್ಮನಿಗೆ ಏನೇನು ಹರಸಿಕೊಂಡೆನೋ ಈಗ ನೆನಪಿಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ನಲ್ಲಿಕಟ್ಟೆಯವರೆಗೆ ಬಂದೆವು. ದೊಡ್ಡವರು ಅಡಿಗೆಕೋಣೆಯ ಕಿಟಕಿ ಕಿತ್ತು, ರಾಗಿಹಿಟ್ಟಿನ ಮೂಟೆ ಎಳೆದು ತಿಂದು, ಬೆಳಕು ಹರಿದ ಮೇಲೆ ಹಳ್ಳ ಇಳಿದು ಹೋದರು. ಯಾಳಿನಿ ಅಷ್ಟೂ ಹೊತ್ತು ತಾಯಿಯ ಸೆರಗು ಚೀಪುತ್ತ ಕಣ್ಣು ಬಿಟ್ಟುಕೊಂಡೇ ಇದ್ದಳು.

ಈಗ ಲೈನಿನಲ್ಲಿ ನನ್ನದೇ ಮಾತು. "ನೀವ್ ನಿಂತ್ಕೊಳ್ಲಿ ಅಂತ ನಾನ್ ಹೇಳಿದ್ರೆ ಓಡ್ತೀರಲ್ಲಕ್ಕ, ನಮಸ್ಕಾರ ಬೇರೆ ಹೊಡೀತೀರಿ" ಎಂದು ಇರುಳಪ್ಪನ್ ತಲೆ ಚಚ್ಚಿಕೊಂಡ. "ಮರಗದಂಗೆ ದೊಡ್ಡವರ ಹತ್ರ ಸಲುಗೆ ಜಾಸ್ತಿ, ಈ ವರ್ಷ ಪ್ರಮೋಷನ್ ಗ್ಯಾರಂಟಿ" ಎಂದು ತೂಕದ ಶೆಡ್ಡಿನಲ್ಲಿ ನಗುತ್ತಾರೆ. ನಾನೂ ನಗುತ್ತೇನೆ. ನಕ್ಕು ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಚಿಲಕ ಬಿದ್ದಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತೇನೆ. ಟಾರ್ಚು ಇತ್ತಲ್ಲ, ಕಾಣಲಿಲ್ಲವೇ ಎಂದು ಎಲ್ಲರೂ ಕೇಳಿದರು. ಓಡುವಾಗ ಗುಂಡಿ ಒತ್ತಿ ಆರಿಹೋಗಿತ್ತು ಎಂದೆ. ನಿನಗೂ ಅದನ್ನೇ ಹೇಳುತ್ತೇನೆ, ನಿನ್ನ ಮೂರನೆಯದು ಕೈಕೊಟ್ಟಿತು. ನೂರು ಮೀಟರ್ ಬೆಳಕು ಎಂದಿದ್ದೆ, ನನ್ನ ಕಾಲ ಹೆಬ್ಬೆರಳಿನವರೆಗೂ ಬರಲಿಲ್ಲ. ಇದಕ್ಕಿಂತ ಜೋರಾದದ್ದು, ಗೊಂಚಲಿಗೆ ತೂಗುವಷ್ಟೇ ಚಿಕ್ಕದು, ಬಸ್ಸಿನ ದೀಪದಷ್ಟು ಬೆಳಕಿನದು ಎಲ್ಲಾದರೂ ಇದ್ದರೆ ನೋಡು. ಬಿಸಿಯಾದರೆ ಆಗಲಿ, ಕೈ ಸುಟ್ಟರೆ ಸುಡಲಿ.

ವಳರ್ಮತಿಗೆ ನನ್ನ ಮುತ್ತುಗಳು. ಅವಳ ಸೀಮಂತಕ್ಕೆ ಬಳೆ ನಾನೇ ತರುತ್ತೇನೆ, ಅಲ್ಲಿ ಕೊಳ್ಳಬೇಡಿ. ಸೊಂಟಕ್ಕೆ ನೀಲಗಿರಿ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಸಿಕೊ. ಇಬ್ಬರೂ ನೂರು ವರ್ಷ ತಂಪಾಗಿ ಬಾಳಿ.

ನಿನ್ನ ಅಕ್ಕ,
ಮರಗದಂ

ತಾ.ಕ.: ಅಂಟು ಹಚ್ಚಿದ್ದ ಕವರು ಮತ್ತೆ ಬಿಚ್ಚಿದೆ. ಕೆಳಗೆ ಯೇಸುರಾಜನ ಬಸ್ಸು ಹಾರ್ನ್ ಹೊಡೆಯುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಟಾರ್ಚು ಆರಿರಲಿಲ್ಲ ತಮ್ಮಾ. ಹೊತ್ತಿಯೇ ಇತ್ತು. ನಿನ್ನೆ ಪೊನ್ನುತ್ತಾಯಿ ನನ್ನೊಬ್ಬಳನ್ನೇ ಕರೆದು, "ಅಕ್ಕ, ನಿಮ್ಮ ಬೆಳಕಲ್ಲಿ ಅವರ ಕಾಲುಗುರು ಸಹ ಕಾಣಿಸ್ತು ನಂಗೆ. ಬಾಯಿ ಬರ್ಲಿಲ್ಲ, ಸೆರಗು ಜಗ್ಗಿದೆ. ನೀವು ಕಿತ್ಕೊಂಡು ಮುಂದಕ್ಕೇ ಹೋದ್ರಿ" ಎಂದಳು. ನನಗೆ ಏನೂ ಕಾಣಲಿಲ್ಲ, ಬರೀ ಬೂದಿ ಬಣ್ಣ. ಆರು ತಿಂಗಳಿಂದ ಹೊತ್ತು ಮುಳುಗಿದ ಮೇಲೂ ಮೂಡುವ ಮುಂಚೆಯೂ ಹೀಗೇ. ನಲ್ಲಿಯಿಂದ ಬಾಗಿಲಿಗೆ ನೂರಾ ನಲವತ್ತು ಹೆಜ್ಜೆ ಎಂದು ಎಣಿಸಿಕೊಂಡು ನಡೆಯುತ್ತಿದ್ದೆ. ನಿನ್ನ ಭಾವನಿಗೂ ಹೇಳಿಲ್ಲ, ಹೇಳಿದರೆ ಬೀಗದ ಕೈ ಕಿತ್ತುಕೊಳ್ಳುತ್ತಾರೆಂಬ ಭಯ. ಆ ಭಯಕ್ಕೆ ಒಂದು ಕೂಸನ್ನು ಅಲ್ಲಿಯವರೆಗೆ ಕರೆದೊಯ್ದೆ. ಇವತ್ತು ಬೆಳಿಗ್ಗೆ ಗೊಂಚಲನ್ನು ಪೊನ್ನುತ್ತಾಯಿಯ ಕೈಗೆ ಕೊಟ್ಟು, ಮುಂದೆ ನಡಿ ಎಂದೆ. ಬೇರೆ ಟಾರ್ಚು ಹುಡುಕಬೇಡ, ಕಣ್ಣಾಸ್ಪತ್ರೆಯಲ್ಲಿ ಸೋಮವಾರಕ್ಕೆ ಚೀಟಿ ಮಾಡಿಸು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ, ನಿನ್ನೂರಿನ ಉಕ್ಕಡಂ ಬಸ್ ಸ್ಟ್ಯಾಂಡು ತಲುಪುವಾಗ ಕತ್ತಲಾಗಿರುತ್ತದೆ. ನೀನು ದೂರದಿಂದ ಕೈ ಬೀಸಿದರೆ ನನಗೆ ಕಾಣುವುದಿಲ್ಲ, ಬಸ್ಸಿನ ಮೆಟ್ಟಿಲ ಹತ್ತಿರವೇ ನಿಂತು ಹೆಸರು ಹಿಡಿದು ಕರಿ.