ವಿಮಾನದ ಬಾಲದಲ್ಲಿ ನಿನ್ನ ಕೈ

ಅಪ್ಪಾ,

ನೀನು ಬಣ್ಣ ಬಳಿಯುತ್ತಿದ್ದ ಸೀಲಾರ್ಕ್ ಕಂಪನಿಯ ಕೊನೆಯ ವಿಮಾನವನ್ನು ಇವತ್ತು ಲೂಟನ್ ಊರಾಚೆಯ ಗುಜರಿಯಲ್ಲಿ ಒಡೆದರು. ನೋಡಲು ಹೋಗಿದ್ದೆ. ರಜೆಗೆಂದು ಜನರನ್ನು ಸ್ಪೇನಿಗೆ ಹೊತ್ತೊಯ್ಯುತ್ತಿದ್ದುದು. ಯಂತ್ರದ ಉಕ್ಕಿನ ಪಂಜ ಅದರ ಬಾಲವನ್ನು ಕಚ್ಚಿ ಸಿಗಿದುಹಾಕಿತು. ಬಾಲದ ಮೇಲೆ ಬಳಿದಿದ್ದ ಕಿತ್ತಳೆ ಬಣ್ಣದ ಸೂರ್ಯ ಕಳಚಿ ಬಿದ್ದ. ಅದರಡಿ ನಾನು ಹುಟ್ಟಿದ ಕಾಲದಲ್ಲಿ ಬಳಿದ ನೀಲಿ ಹಕ್ಕಿ. ಅದರಡಿ, ಬಣ್ಣ ಬಳಿಯುವ ನೀವೆಲ್ಲ ಮೊದಲ ಲೇಪದ ಮೇಲೆ ಒತ್ತುತ್ತಿದ್ದಿರಲ್ಲ, ಆ ಅಂಗೈ ಗುರುತು. ಕಿರುಬೆರಳಿಲ್ಲ. ಎಷ್ಟೋ ಸಲ ಅದರ ಏಟು ತಿಂದ ನನ್ನ ಕೆನ್ನೆಗೆ ಅದರ ಗುರುತು ಸಿಕ್ಕಿತು.

"ಯಾರ್ದಮ್ಮಾ ಕೈ?" ಎಂದ ಯಂತ್ರ ನಡೆಸುತ್ತಿದ್ದ ಟ್ರೆವರ್.

"ನಮ್ಮಪ್ಪಂದು."

"ಕತ್ತರಿಸ್ಕೊಡ್ಲಾ? ಮನೇಲಿ ತೂಗ್ಹಾಕ್ಕೊ."

"ಬೇಡ. ಹೊಡಿ."

ಹೊಡೆದ. ಚೂರುಚೂರಾಗುವವರೆಗೂ "ಇನ್ನೂ ಹೊಡಿ" ಎಂದು ಕಿರುಚುತ್ತಲೇ ಇದ್ದೆ.

"ನಾನ್ ಬಳಿದ ಬಣ್ಣ ಬಿಡಲ್ಲ ಕಣೇ" ಎನ್ನುತ್ತಿದ್ದೆಯಲ್ಲ. ನಿನ್ನ ಹೆಬ್ಬೆರಳಿದ್ದ ಚೂರು ನನ್ನ ಕೋಟಿನ ಜೇಬಿನಲ್ಲಿದೆ. ಮನೆಗೆ ಬಂದಾಗಿನಿಂದ ಅದರ ಬಣ್ಣವನ್ನು ಉಗುರಿನಲ್ಲಿ ಕೆರೆಯುತ್ತಿದ್ದೇನೆ. ಬಿಡುತ್ತಿಲ್ಲ.

ಗ್ಲೆನಿಸ್