ತುಪ್ಪದ ಬತ್ತಿಯೂ ಪೆರೇಡ್ ಶೂವೂ

ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 6.30

ತಾರಸಿಯಲ್ಲಿ, ಇಲ್ಲಿಯ ತಮಿಳಿನಲ್ಲಿ ಮೊಟ್ಟೆಮಾಡಿಯಲ್ಲಿ, ಶೂ ಪಾಲಿಶ್. ಸ್ನಾನಕ್ಕೆ ಮೊದಲೇ ಮುಗಿಸಬೇಕು — ಮಡಿಯಲ್ಲಿ ಚರ್ಮ ಮುಟ್ಟಿದರೆ ಹೆಂಡತಿ ಜಯಲಕ್ಷ್ಮೀ ಮತ್ತೆ ಬಚ್ಚಲಿಗೆ ಅಟ್ಟುತ್ತಾಳೆ. ಪ್ಯಾರೀಸ್ ಕಾರ್ನರ್ ಆಫೀಸಿನಿಂದ ರಿಟೈರಾಗಿ ಹನ್ನೊಂದು ವರ್ಷ. ಈಗ ಹೋಗುವುದು ತರಕಾರಿ ಅಂಗಡಿಗೆ, ಅದೂ ಹವಾಯಿ ಚಪ್ಪಲಿಯಲ್ಲಿ. ಆದರೂ ಭಾನುವಾರ ಶೂ ಹೊಳೆಯದಿದ್ದರೆ ವಾರ ಶುರುವಾದಂತೆ ಅನಿಸುವುದಿಲ್ಲ.

ಮೊಮ್ಮಗಳು ಸುಮೇಧಾ ತನ್ನ ಕಪ್ಪು ಶೂ ಹಿಡಿದು ಮೇಲೆ ಬಂದಳು. ತಾಂಬರಂ ಕಡೆಯ ಹಡಗು ಕಾಲೇಜಿನಲ್ಲಿ ಅವಳಿಗೆ ಇದು ಕಡೆಯ ವಾರ. ಶನಿವಾರ ಪೆರೇಡ್, ಬಾವುಟ ಹಿಡಿಯುವವಳು ಇವಳೇ. ಶುಕ್ರವಾರ ಇನ್‌ಸ್ಪೆಕ್ಷನ್. ಡ್ರಿಲ್ ಮಾಸ್ಟರ್ ಈಗಾಗಲೇ ಎರಡು ಸಲ ಶೂ ಸರಿಯಿಲ್ಲ ಅಂದಿದ್ದಾರಂತೆ.

"ಶೂ ಮೂತಿಯಲ್ಲಿ ಅವರ ಮೀಸೆ ಕಾಣಬೇಕಂತೆ ತಾತಾ. ಇನ್ನೊಂದು ಸಲ ಫೇಲ್ ಆದ್ರೆ ಬಾವುಟ ಬೇರೆಯವರಿಗೆ. ನಾನು ಲಾಸ್ಟ್ ರೋ. ಅವ್ವಳವುದಾನ್, ಅಷ್ಟೇ ಕಥೆ!"

"ಮೀಸೆ ಏನು, ಮೂಗಿನ ಕೂದಲೂ ಕಾಣೋ ಹಾಗೆ ಮಾಡ್ತೀನಿ. ಇಟ್ಟು ಹೋಗು."

ನನಗೆ ಯಾರೂ ಕಲಿಸಿದವರಿಲ್ಲ. ನೋಡಿ ಕಲಿತದ್ದು. ಬಾಯಿ ಸ್ವಲ್ಪ ಜಾಸ್ತಿಯಾಯಿತೇನೋ…

ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 6

ಹಳೆ ಬನಿಯನ್ ಬಟ್ಟೆ ಗೀರು ಬೀಳಿಸುತ್ತಿದೆ. ಹತ್ತಿ ಬೇಕು. ದೇವರ ಮನೆಯಲ್ಲಿ ಬೆಳ್ಳಿ ಬಟ್ಟಲು, ಅದರಲ್ಲಿ ತುಪ್ಪದಲ್ಲಿ ನೆನೆದ ಹೂಬತ್ತಿ. ನಾಲ್ಕು ಎತ್ತಿಕೊಂಡೆ. ತುಪ್ಪ ಹಚ್ಚಿದರೆ ಹೊಳೆಯದ ಪದಾರ್ಥ ಲೋಕದಲ್ಲಿ ಇದೆಯೇ? ತಿಕ್ಕಿದೆ. ಆಹಾ — ಒದ್ದೆ ಗಾಜಿನ ಹಾಗೆ! ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ. ನೀರಿನ ಟ್ಯಾಂಕಿನ ನೆರಳಲ್ಲಿ ಆರಲು ಇಟ್ಟೆ.

ಸಂಜೆ 5

ಶೂ ಮೇಲೆ ಇರುವೆ. ಸಾಲು ಹಿಡಿದು, ಎಡಗಾಲಿನಿಂದ ಬಲಗಾಲಿಗೆ. ಶನಿವಾರದ ಪೆರೇಡ್ ಇವತ್ತೇ ನಡೆಸಿಬಿಟ್ಟಿವೆ. ಕೊಡವಿದರೆ ಕೆಳಗೆ ಹೊಳಪೇ ಇಲ್ಲ, ಬೂದಿ ಬಣ್ಣದ ಜಿಡ್ಡು. ತಮ್ಮ ವಿಷ್ಣುತೀರ್ಥನಿಗೆ ಕಾಗದ ಬರೆದೆ, ಎಲ್ಲರೂ ಕ್ಷೇಮ ಅಂತ. ಇದನ್ನು ಬರೆಯಲಿಲ್ಲ.

ಫೆಬ್ರವರಿ 12, ಬುಧವಾರ

ನಿನ್ನೆ ಬರೆಯಲು ಮನಸ್ಸಾಗಲಿಲ್ಲ. ಎಷ್ಟು ಪಾಲಿಶ್ ಹಚ್ಚಿದರೂ ನಿಲ್ಲಲೇ ಇಲ್ಲ.

ಇವತ್ತು ಮಾಂಬಲಂ ಸ್ಟೇಷನ್ ಮುಂದೆ ಚಪ್ಪಲಿ ರಿಪೇರಿ ಮಾಡುವ ಹಿರಿಯರ ಹತ್ತಿರ ಹೋದೆ. ಶೂ ಮೂಸಿ ನೋಡಿದರು. "ಎನ್ನ ಸಾರ್, ನೆಯ್ ವಾಸನೈ ವರುದು?" ತುಪ್ಪದ ವಾಸನೆ ಅಡಗುತ್ತದೆಯೇ? ನಿಜ ಹೇಳಿದೆ. ಪಕ್ಕದ ಹೂವಿನವಳೂ ಕೈಯಲ್ಲಿನ ಮಾಲೆ ಬಿಟ್ಟು ನಕ್ಕಳು. ನಾನೂ ನಕ್ಕೆ, ಇನ್ನೇನು ಮಾಡಲಿ. ಏನೋ ಹಚ್ಚಿ, ಎಲ್ಲ ಒರೆಸಿ, ಚರ್ಮ ಬರಿದು ಮಾಡಿಕೊಟ್ಟರು. ಪಾಠವೂ ಹೇಳಿದರು: ಒಣ ಹತ್ತಿ. ತೆಳ್ಳಗೆ ಪಾಲಿಶ್. ಒಂದು ತೊಟ್ಟು ನೀರು. ಸಣ್ಣ ಸಣ್ಣ ಸುತ್ತು. ಆತುರ ಬೇಡ.

ಮನೆಗೆ ಬಂದರೆ ಜಯಲಕ್ಷ್ಮೀ ಬೆಳ್ಳಿ ಬಟ್ಟಲು ಹಿಡಿದು ನಿಂತಿದ್ದಾಳೆ.

"ರೀ, ಸೋಮವಾರ ನಾಲ್ಕು ಬತ್ತಿ ಕಡಿಮೆ ಇತ್ತು. ಇಲಿ ಅಂದುಕೊಂಡೆ. ಇಲಿ ಇಷ್ಟು ಎತ್ತರ ಇರುತ್ತಾ?"

ಹೇಳಿದೆ. ಬಟ್ಟಲು ಹಿಡಿದೇ ಒಳಗೆ ಹೋದಳು. ಮುಗಿಯಿತು ಕಥೆ ಅಂದುಕೊಂಡೆ. ವಾಪಸ್ ಬಂದಳು — ಬೀಜ ತೆಗೆದ ಹತ್ತಿ, ಒಂದು ಹಿಡಿ. ಸೋಕದಂತೆ ಮೇಲಿನಿಂದ ನನ್ನ ಅಂಗೈಗೆ ಹಾಕಿದಳು.

"ದೇವರ ತುಪ್ಪ ಶೂಗೆ ಹಚ್ಚಿದ ಮಹಾನುಭಾವರು ನೀವೊಬ್ಬರೇ. ಮೊಟ್ಟೆಮಾಡಿಗೆ ನಡೀರಿ. ಮಗು ಬಾವುಟ ಹಿಡೀಬೇಕು."

ಫೆಬ್ರವರಿ 14, ಶುಕ್ರವಾರ, ಬೆಳಿಗ್ಗೆ 6.45

ನಿನ್ನೆಯಿಡೀ ಸುತ್ತಿದ್ದೇ ಸುತ್ತಿದ್ದು. ಬೆರಳೆಲ್ಲ ಕಪ್ಪು. ಇವತ್ತು ಎದ್ದ ಕೂಡಲೇ ಇನ್ನೊಂದು ಪದರ. ಮೊದಲು ಬರೀ ಮಂಜು. ಆಮೇಲೆ ಶೂ ಮೂತಿಯಲ್ಲಿ ಆಕಾಶ ಬಂತು. ಟ್ಯಾಂಕ್ ಬಂತು. ನಾನು ಬಂದೆ, ಬೊಕ್ಕ ತಲೆ ಸಮೇತ!

ಜಯಲಕ್ಷ್ಮೀ ಮೆಟ್ಟಿಲ ಮೇಲೇ ನಿಂತಳು. "ನಾನು ಮುಟ್ಟಲ್ಲ. ಹೀಗೆ ಹಿಡೀರಿ, ನೋಡೋಣ."

ಹಿಡಿದೆ. ಬಗ್ಗಿದಳು.

"ಅಯ್ಯ! ನನ್ನ ಮೂಗುಬೊಟ್ಟು ಕಾಣ್ತಿದೆ ರೀ!"

ಮಧ್ಯಾಹ್ನ 12.10

ಫೋನ್. "ತಾತಾ, ಪಾಸ್! ಮಾಸ್ಟರ್ ಬಗ್ಗಿ ನೋಡಿ ಅಲ್ಲೇ ಮೀಸೆ ತಿರುವಿಕೊಂಡ್ರು. ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದ್ರು. ಫ್ಯಾಮಿಲಿ ಸೀಕ್ರೆಟ್ ಸರ್ ಅಂದೆ!"

ಪಾಯಸವಾಯಿತು. ತುಪ್ಪ ಕೈ ತುಂಬ ಬಿತ್ತು.

ಫೆಬ್ರವರಿ 15, ಶನಿವಾರ, ಬೆಳಿಗ್ಗೆ 6

ಸುಮೇಧಾ ಮೊದಲ ಟ್ರೈನಿಗೇ ಹೋದಳು. ನಾವಿಬ್ಬರೂ 6.40ರದ್ದು ಹಿಡಿಯಬೇಕು. ಪಾಲಿಶ್ ಡಬ್ಬಿ ಎತ್ತಿಡಲು ತಾರಸಿಗೆ ಬಂದೆ.

ಡಬ್ಬಿಯ ಪಕ್ಕ ಹೆಂಗಸರ ಚರ್ಮದ ಚಪ್ಪಲಿ, ಒಂದು ಜೊತೆ. ಜಯಲಕ್ಷ್ಮೀದು. ಮದುವೆಯಾಗಿ ನಲವತ್ತೆಂಟು ವರ್ಷ, ಚಪ್ಪಲಿಯನ್ನು ಹೊಸಿಲು ದಾಟಿಸಿ ಒಳಗೆ ತಂದವಳಲ್ಲ. ತಾನೇ ಕೈಯಲ್ಲಿ ಹಿಡಿದು ಮೂರು ಮಹಡಿ ಹತ್ತಿ ಇಟ್ಟು ಹೋಗಿದ್ದಾಳೆ. ಮೇಲೆ ಒಂದು ಹಿಡಿ ಒಣ ಹತ್ತಿ.

ಬರೆಯದೆ ಇರಲಾಗಲಿಲ್ಲ, ಇಲ್ಲೇ ಕೂತೆ. ಕೆಳಗಿಂದ ಕೂಗುತ್ತಿದ್ದಾಳೆ — "ಆಯ್ತಾ ರೀ?" ಇನ್ನೂ ಡಬ್ಬಿಯ ಮುಚ್ಚಳವೇ ತೆರೆ—